ತಾಜಸುಲ್ತಾನಪುರದಲ್ಲಿ ಅಜ್ಜನ ಪದ್ಮಿನಿ

ಕಲಬುರಗಿಗೆ ಬಂದವರು ಕೋಟೆ, ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ ನೋಡಿ ವಾಪಸ್ ಹೋಗ್ತಾರೆ. ಊರಂಚಿನ ತಾಜಸುಲ್ತಾನಪುರದ ಕಡೆ ಬರುವವರು ಕಡಿಮೆ. 2017ರಲ್ಲಿ ಶುರುವಾದ ಬೀದರ್ ರೈಲು ಮಾರ್ಗದಲ್ಲಿ ಇದಕ್ಕೊಂದು ನಿಲ್ದಾಣವೂ ಇದೆ. ನಾನಂತೂ ಆರು ತಿಂಗಳಿಂದ ರಜೆ ಸಿಕ್ಕಾಗಲೆಲ್ಲ ಬೆಂಗಳೂರಿನಿಂದ ಇಲ್ಲಿಗೆ ಬರ್ತಿದೀನಿ. ಕಾರಣ, ಇಲ್ಲಿನ ಒಂದು ತಗಡಿನ ಶೆಡ್ಡಲ್ಲಿ ನಿಂತಿರುವ ಅಜ್ಜನ ಪ್ರೀಮಿಯರ್ ಪದ್ಮಿನಿ.

1974ರ ಗಾಡಿ. ಫಿಯಟ್ 1100 ಅನ್ನೋ ಕಾರಿಗೆ ಪದ್ಮಿನಿ ಅಂತ ಹೆಸರು ಬಂದದ್ದೂ ಅದೇ ವರ್ಷ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರು ನಿಂತು ಎರಡು ದಶಕ ದಾಟಿದೆ. ಹಾಗಾದ್ರೆ ಬಿಡಿಭಾಗ ಎಲ್ಲಿಂದ?

ಗುಜರಿಯಿಂದ! ಮುಂಬೈನಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರ್‌ನಲ್ಲಿ. ನಮ್ಮ ಗಾಡಿಯ ಬಂಪರ್, ಬಾಗಿಲ ಹಿಡಿಕೆ, ವೈಪರ್ ಮೋಟರ್ ಬಂದದ್ದು ಅಂಥ ಹಳೆ ಟ್ಯಾಕ್ಸಿಗಳಿಂದಲೇ. ಕಲಬುರಗಿ ಮುಂಬೈ–ಚೆನ್ನೈ ರೈಲು ಮಾರ್ಗದಲ್ಲೇ ಇರೋದರಿಂದ ಸಾಮಾನು ತರಿಸೋದು ಕಷ್ಟ ಆಗಲಿಲ್ಲ.

ಶೆಡ್ಡಿನ ಚಾಚಾಗೆ ಒಂದೇ ನಿಯಮ: “ನೋಡು ತಮ್ಮಾ, ಚಂದ ಕಾಣೋ ಸಾಮಾನು ಹಳೇದಿದ್ರೂ ನಡೀತದ. ಗಾಡಿ ನಿಲ್ಲಿಸೋ ಸಾಮಾನು ಹೊಸದೇ ಬೇಕು.” ಹಾಗಾಗಿ ಬ್ರೇಕ್ ಸಿಲಿಂಡರ್, ರಬ್ಬರ್ ಸೀಲ್, ಪೈಪ್ ಯಾವುದನ್ನೂ ಗುಜರಿಯಿಂದ ತರಲಿಲ್ಲ. ಡೈನಮೋ ಜಾಗಕ್ಕೆ ಮಾತ್ರ ಹಳೆ ಮಾರುತಿಯ ಆಲ್ಟರ್ನೇಟರ್ ಕೂತಿದೆ. ಸಿಗ್ನಲ್‌ನಲ್ಲಿ ನಿಂತಾಗ ಡೈನಮೋ ಬ್ಯಾಟರಿ ತುಂಬಿಸೋದು ಅಷ್ಟಕ್ಕಷ್ಟೇ. ಆಲ್ಟರ್ನೇಟರ್ ಆಗಲೂ ತುಂಬಿಸುತ್ತೆ. 40 ಡಿಗ್ರಿ ದಾಟುವ ಇಲ್ಲಿನ ಬಿಸಿಲಿಗೆ ರೇಡಿಯೇಟರ್ ಮುಂದೆ ಕರೆಂಟ್ ಫ್ಯಾನೂ ಬಂತು.

ಮುಂದಿನ ಪ್ರಶ್ನೆ ಎಂಜಿನ್‌ದು. “ಹೊಸ ಕಾರಿನ ಎಂಜಿನ್ನೇ ಹಾಕಿಸು, ಏಸಿನೂ ಕೂರುತ್ತೆ” ಅಂತ ಗೆಳೆಯರ ಒತ್ತಾಯ. ಆದರೆ 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದ್ರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರ್‌ನಲ್ಲಿ ‘ವಿಎ’ ಅಕ್ಷರ. ಆದ್ರೆ ಆಮೇಲೆ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗಷ್ಟೇ ರಸ್ತೆಗಿಳಿಸಬಹುದು.

ಅಪ್ಪನಿಗೆ ಈಗ ಎಪ್ಪತ್ತೆರಡು. ಈ ಗಾಡೀಲೇ ಡ್ರೈವಿಂಗ್ ಕಲಿತವರು. ಜಿಐ ಮಾನ್ಯತೆ ಪಡೆದ ಕೆಂಪು ಬಾಳೆಯ ಕಮಲಾಪುರಕ್ಕೆ ತಾವೇ ಓಡಿಸಿಕೊಂಡು ಹೋಗಿ, ಒಂದು ಗೊನೆ ಡಿಕ್ಕೀಲಿ ಹಾಕ್ಕೊಂಡು ಬರಬೇಕು ಅನ್ನೋದು ಅವರಾಸೆ. “ಪ್ರದರ್ಶನಕ್ಕ ಇಡಾಕ ಇದೇನು ಗೊಂಬಿ ಏನೋ?” ಅಂತ ಕೇಳಿದ್ರು.

ಕೊನೆಗೆ ನಡುದಾರಿ ಹಿಡಿದ್ವಿ. ಎಂಜಿನ್, ಚಾಸಿ, ಬಾಡಿ ಮುಟ್ಟಲ್ಲ. ಬೋಲ್ಟ್ ಬಿಚ್ಚಿ ವಾಪಸ್ ಕೂರಿಸಬಹುದಾದ್ದನ್ನಷ್ಟೇ ಬದಲಿಸ್ತೀವಿ. ಸದ್ಯಕ್ಕೆ ಹಳೆ ಆರ್‌ಸಿಯನ್ನೇ ನವೀಕರಿಸ್ತೀವಿ. ವಿಂಟೇಜ್ ನೋಂದಣಿ ಅಪ್ಪ ಓಡಿಸೋದು ಬಿಟ್ಟ ಮೇಲೆ.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ ಬಿಚ್ಚಿದ ಒಂದು ನಟ್ಟನ್ನೂ ಎಸೀಬೇಡಿ. ನಮ್ಮ ಡೈನಮೋ ಎಣ್ಣೆ ಹಚ್ಚಿದ ಗೋಣಿಚೀಲದಲ್ಲಿ ಸುತ್ತಿಕೊಂಡು, ತೊಗರಿ ಡಬ್ಬಗಳ ಪಕ್ಕದಲ್ಲಿ ಭದ್ರವಾಗಿ ಕೂತಿದೆ. ಮುಂದಿನ ತಲೆಮಾರಿಗೆ ಬೇಕಾದೀತು.