ಕೌಲಾಲಂಪುರ: ಒಬ್ಬ ಉಮ್ಮ ಕಂಡ ಮೊದಲ ದಿನಗಳು

ನಮ್ಮ ಬ್ಯಾರಿ ಮನೆಗಳಲ್ಲಿ ಪರದೇಶದ ಸುದ್ದಿ ಎಂದರೆ ಬಹುಕಾಲ ಗಂಡಸರು ತಂದ ಸುದ್ದಿ. ನನ್ನ ಉಪ್ಪ 1978ರಲ್ಲಿ ಮುಂಬೈ ದಾರಿಯಾಗಿ ದುಬೈಗೆ ಹೋದರು. ಅವರ ಪತ್ರಗಳಲ್ಲಿ "ನಾನಿಲ್ಲಿ ಸೌಖ್ಯ" ಎಂಬುದರ ಆಚೆಗೆ ಆ ಊರಿನ ಬಗ್ಗೆ ಏನೂ ಇರುತ್ತಿರಲಿಲ್ಲ. ರಜೆಗೆ ಬಂದಾಗ ಸೆಂಟು, ಬಟ್ಟೆ, ಕೊಡಲಿ ಗುರುತಿನ ಎಣ್ಣೆ ತರುತ್ತಿದ್ದರು. ಇಳಿದ ಮೊದಲ ದಿನ ಹೇಗಿತ್ತು ಎಂದು ನಾವು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಕಳೆದ ವರ್ಷ ಮಗಳಿಗೆ ಕೌಲಾಲಂಪುರದ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಅವಳ ಉಪ್ಪನಿಗೆ ರಜೆ ಸಿಗಲಿಲ್ಲ, ನಾನೇ ಹೊರಟೆ. ಮಂಜೇಶ್ವರದ ಬಂಧುಗಳೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಹೆಣ್ಣುಮಗಳನ್ನು ಒಬ್ಬಳನ್ನೇ ಅಷ್ಟು ದೂರ ಬಿಟ್ಟು ಬರುವುದಾ?" ನನ್ನ ಕೈಯಲ್ಲಿದ್ದದ್ದು ಐದು ದಿನ. ಅಷ್ಟರೊಳಗೆ ಆ ಊರನ್ನು ಕಣ್ಣಾರೆ ನೋಡಿ ಉತ್ತರ ತರಬೇಕಿತ್ತು.

ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಗಡಿಯಾರವನ್ನು ಎರಡೂವರೆ ಗಂಟೆ ಮುಂದಿಟ್ಟೆವು. ನಿಲ್ದಾಣದ ಬೋರ್ಡುಗಳ ಮಲಯ ಭಾಷೆ ಇಂಗ್ಲಿಷ್ ಅಕ್ಷರದಲ್ಲಿದೆ, ಆದರೆ ನಮ್ಮ ಕನ್ನಡದ ಹಾಗೆ ಹೇಳಿದಂತೆಯೇ ಬರೆಯುತ್ತಾರೆ: ಟೆಕ್ಸಿ, ಬಸ್, ಪೊಲಿಸ್, ಕೌಂಟರ್. ವಿಮಾನಕ್ಕೆ ಅವರು 'ಕಪಲ್ ತೆರ್ಬಂಗ್' ಎನ್ನುತ್ತಾರೆ, ಅಂದರೆ ಹಾರುವ ಹಡಗು. ಆ 'ಕಪಲ್' ತಮಿಳಿನಿಂದ ಹೋದದ್ದು, ನಮ್ಮ ಮನೆಮಾತಿನ ಕಪ್ಪಲ್ ಕೂಡ ಅದೇ. ಮುಂಬೈಯಿಂದ ಕಪ್ಪಲಿನಲ್ಲಿ ಹಜ್ಜ್‌ಗೆ ಹೋದ ಹಿರಿಯರ ಕಥೆ ಕೇಳಿ ಬೆಳೆದವಳು ನಾನು. ಆ ಮಾತನ್ನು ಇಷ್ಟು ದೂರದಲ್ಲಿ ಕೇಳಿ ಎದೆ ಸ್ವಲ್ಪ ಹಗುರಾಯಿತು.

ಆದರೆ ಅದೇ ನಿಲ್ದಾಣದಲ್ಲಿ ಕಂಡ ಇನ್ನೊಂದು ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ನಮ್ಮ ಸಾಲಿನಿಂದ ದೂರ, ಗೋಡೆಯ ಬದಿಯಲ್ಲಿ, ನಲವತ್ತು ಐವತ್ತು ಯುವಕರು ನೆಲದಲ್ಲಿ ಕುಳಿತಿದ್ದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಕೈಯಲ್ಲಿ ಕಾಗದದ ಕಟ್ಟು. ಬಾಂಗ್ಲಾದೇಶದಿಂದ ಕೆಲಸಕ್ಕೆ ಬಂದವರಂತೆ. ಕಂಪೆನಿಯವರು ಬಂದು ಕರೆದುಕೊಂಡು ಹೋಗುವವರೆಗೆ ಕಾಯಬೇಕು. ಒಬ್ಬ ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದ. ಭಾಷೆ ತಿಳಿಯದಿದ್ದರೂ ಹೇಳುತ್ತಿದ್ದದ್ದು ಏನೆಂದು ನನಗೆ ತಿಳಿಯಿತು: ನಾನಿಲ್ಲಿ ಸೌಖ್ಯ. ನನ್ನ ಉಪ್ಪನ ಮೊದಲ ದಿನವೂ ಹೀಗೇ ಇದ್ದಿರಬೇಕು.

ವಿಮಾನ ನಿಲ್ದಾಣ ಇರುವುದು ಸೆಪಾಂಗ್‌ನಲ್ಲಿ, ನಗರದಿಂದ ಐವತ್ತು ಕಿಲೋಮೀಟರಿಗೂ ದೂರ. ರೈಲು ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ. ದಾರಿಯಲ್ಲಿ ತಾಳೆ ಎಣ್ಣೆಯ ತೋಟಗಳು. ಅಡಿಕೆ, ತೆಂಗು ನೋಡಿದ ಕಣ್ಣಿಗೆ ಅದು ಹತ್ತಿರದ್ದೂ ಹೌದು, ಬೇರೆಯದೂ ಹೌದು. ಹೊರಗೆ ಕಾಲಿಟ್ಟರೆ ನಮ್ಮ ಮೇ ತಿಂಗಳ ಸೆಕೆ, ಸಂಜೆ ನಾಲ್ಕಕ್ಕೆ ನಮ್ಮ ಜೂನ್ ತಿಂಗಳ ಮಳೆ, ಎರಡೂ ಒಂದೇ ದಿನದಲ್ಲಿ.

ಪೇಟೆಯ ಗದ್ದಲ ಮೊದಲಿಗೆ ಹೆದರಿಸಿತು. ತಲೆಯ ಮೇಲೆ ರೈಲು, ಕಾಲ ಬುಡದಲ್ಲಿ ಬೈಕುಗಳು. ಬಿಸಿಲಿಗೆ ಜಾಕೆಟ್ಟನ್ನು ಹಿಂದುಮುಂದಾಗಿ ತೊಟ್ಟ ಸವಾರರು. 88 ಮಹಡಿಯ ಪೆಟ್ರೊನಾಸ್ ಅವಳಿ ಗೋಪುರವನ್ನು ಕುತ್ತಿಗೆ ನೋಯುವಷ್ಟು ನೋಡಿದೆವು. ನನ್ನ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಗತೊಡಗಿದ್ದು ಒಂದು ಮಾಮಕ್ ಹೋಟೆಲಿನಲ್ಲಿ. ತಮಿಳು ಮುಸ್ಲಿಮರು ನಡೆಸುವ ಇಂಥ ಹೋಟೆಲುಗಳು ಅಲ್ಲಿ ಗಲ್ಲಿಗಲ್ಲಿಗೂ ಇವೆ. ಲೋಟದಿಂದ ಲೋಟಕ್ಕೆ ಎತ್ತಿ ಸುರಿದು ನೊರೆ ಬರಿಸಿದ 'ತೆ ತಾರಿಕ್' ಚಹಾ, ಪದರ ಪದರದ ರೊಟ್ಟಿ, ಬೇಳೆ ಸಾರು. ಮಾಲೀಕರು ತಮಿಳಿನಲ್ಲಿ ಕೇಳಿದರು, ನಾನು ಬ್ಯಾರಿಯಲ್ಲಿ ಹೇಳಿದೆ, ಇಬ್ಬರಿಗೂ ತಿಳಿಯಿತು. "ಮಗಳು ಇಲ್ಲೇ ಓದುವುದಾ? ಏನಾದರೂ ಬೇಕಾದರೆ ಬರಲಿ" ಎಂದರು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಪೇಟೆಯಲ್ಲಿ ತುಳು ಎಂದು ಗೊಣಗುತ್ತಾ ಕಲಿತ ನಮ್ಮ ಗಡಿನಾಡಿನ ನಾಲಗೆ ಇಂಥಲ್ಲಿ ಉಪಯೋಗಕ್ಕೆ ಬಂತು.

ಮರುದಿನ ಮಸ್ಜಿದ್ ಜಾಮೆಕ್‌ಗೆ ಹೋದೆವು. ಕ್ಲಾಂಗ್ ಮತ್ತು ಗೊಂಬಾಕ್ ನದಿಗಳು ಕೂಡುವಲ್ಲಿ 1909ರಲ್ಲಿ ಕಟ್ಟಿದ ಮಸೀದಿ. ಕೆಂಪು ಇಟ್ಟಿಗೆಗೆ ಬಿಳಿ ಪಟ್ಟಿ, ಸುತ್ತ ತೆಂಗಿನ ಮರ. ಊರಿನ ಹೆಸರಿಗೆ 'ಕೆಸರಿನ ಸಂಗಮ' ಎಂಬ ಅರ್ಥ ಬಂದದ್ದೂ ಈ ನದಿಗಳಿಂದಲೇ. ನಮಾಜಿಗೆ ಹೆಂಗಸರು ಗಂಡಸರಷ್ಟೇ ಸಹಜವಾಗಿ ಬರುತ್ತಾರೆ. ಮಾಲುಗಳಲ್ಲೂ 'ಸುರಾವ್' ಎಂಬ ನಮಾಜಿನ ಕೋಣೆ ಇದೆ. ಬಂದವರು ಯಾರಾದರೂ ತೊಡಲಿ ಎಂದು ನಮಾಜಿನ ಬಟ್ಟೆ ತೂಗುಹಾಕಿರುತ್ತಾರೆ. ಪೇಟೆಗೆ ಹೋದರೆ ಲುಹರ್ ಎಲ್ಲಿ ಮಾಡುವುದೆಂದು ಲೆಕ್ಕ ಹಾಕುವ ನಮಗೆ ಅದರ ಬೆಲೆ ಗೊತ್ತು.

ಆ ಜನ ಉಪವಾಸಕ್ಕೆ 'ಪುವಾಸಾ', ಸ್ವರ್ಗಕ್ಕೆ 'ಶುರ್ಗಾ', ಪಾಪಕ್ಕೆ 'ದೋಸಾ' ಎನ್ನುತ್ತಾರೆ. ಎಲ್ಲವೂ ಸಂಸ್ಕೃತ ಮೂಲದ ಮಾತುಗಳು. ನಾವು ನೋಂಬು, ಪೆರ್ನಾಲ್ ಎನ್ನುವುದನ್ನು ಕೇಳಿ "ಇದೆಂಥ ಭಾಷೆ" ಎಂದು ನಗುವವರು ಇದನ್ನು ಕೇಳಬೇಕು. ತಮ್ಮ ನೆಲದ ಮಾತಿನಲ್ಲಿ ದೀನನ್ನು ಹೇಳಲು ಅವರಿಗೆ ಸಂಕೋಚವಿಲ್ಲ.

ಎಲ್ಲವೂ ಜೇನು ಹಾಲು ಎಂದು ಹೇಳಲಾರೆ. ರಸ್ತೆಯ ಬದಿಯ ಹೆಗಲಿಗೆ ಬ್ಯಾಗ್ ಹಾಕಬೇಡ, ಬೈಕಿನವರು ಎಳೆದುಕೊಂಡು ಹೋಗುತ್ತಾರೆ ಎಂದು ಹಾಸ್ಟೆಲಿನ ಮೇಲ್ವಿಚಾರಕಿ ಮೊದಲ ದಿನವೇ ಎಚ್ಚರಿಸಿದರು. ಬಾಡಿಗೆ ಜಾಸ್ತಿ. ಸಾರಿಗೆ ಸಕ್ಕರೆ ಹಾಕುವುದು ಮಗಳಿಗೆ ಹಿಡಿಸಲಿಲ್ಲ. ಆದರೆ ಪಾಸ್‌ಪೋರ್ಟ್ ಕೌಂಟರಿನಲ್ಲಿ, ಬ್ಯಾಂಕಿನಲ್ಲಿ, ಟ್ಯಾಕ್ಸಿಯ ಸ್ಟೇರಿಂಗ್ ಹಿಂದೆ ತಲೆವಸ್ತ್ರ ತೊಟ್ಟ ಹೆಂಗಸರನ್ನು ಕಂಡೆ. ಅವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಮಗಳು ಅದನ್ನು ನನಗಿಂತ ಮೊದಲೇ ಗಮನಿಸಿದ್ದಳು.

ಕೊನೆಯ ದಿನ ಔಷಧಿ ಅಂಗಡಿಯಲ್ಲಿ ಅದೇ ಕೊಡಲಿ ಗುರುತಿನ ಎಣ್ಣೆ ಕಂಡಿತು. ನಾವೆಲ್ಲ ಗಲ್ಫಿನ ಎಣ್ಣೆ ಎನ್ನುತ್ತಿದ್ದದ್ದು ಅಸಲಿಗೆ ಪಕ್ಕದ ಸಿಂಗಾಪುರದ್ದು. ಒಂದು ಬಾಟಲಿ ಮಗಳಿಗೆ, ಒಂದು ಉಮ್ಮನಿಗೆ ಕೊಂಡೆ.

ಬಂಧುಗಳಿಗೆ ನಾನು ತಂದ ಉತ್ತರ ಇಷ್ಟೇ: ಬಿಟ್ಟು ಬರಬಹುದು, ಆದರೆ ಬಿಟ್ಟುಬಿಡಬಾರದು. ದಿನವೂ ಫೋನು ಮಾಡುತ್ತೇವೆ. "ಸೌಖ್ಯ" ಎಂದರೆ ಸಾಲದು ಎಂದು ಮಗಳಿಗೆ ಹೇಳಿದ್ದೇನೆ. ಏನು ಕಂಡೆ, ಯಾರು ಮಾತಾಡಿಸಿದರು, ಎಲ್ಲಿ ಹೆದರಿಕೆಯಾಯಿತು, ಎಲ್ಲ ಹೇಳಬೇಕು. ನಿಮ್ಮ ಮನೆಯಲ್ಲೂ ಪರದೇಶಕ್ಕೆ ಹೋಗಿಬಂದ ಹಿರಿಯರಿದ್ದರೆ, ಅವರಿಗೆ ನೆನಪಿರುವಾಗಲೇ ಅವರ ಮೊದಲ ದಿನವನ್ನು ಕೇಳಿ ಬರೆದಿಡಿ. ನನ್ನ ಉಪ್ಪನಲ್ಲಿ ಕೇಳಲು ನನಗೆ ಈಗ ದಾರಿಯಿಲ್ಲ.