ಯಾವ ಕೋಲು?

ಮಾಗಳದವನಿಗೂ ಗಾಲ್ಫ್ ಆಟಕ್ಕೂ ಎಲ್ಲಿಯ ನಂಟು ಎಂದು ನೀವು ನಗಬಹುದು. ಹಡಗಲಿ ಸೀಮೆಯ ನಮ್ಮೂರಿನಲ್ಲಿ ನಾವು ಆಡಿದ್ದು ಚಿನ್ನಿದಾಂಡು. ಅದಕ್ಕಿದ್ದದ್ದು ಒಂದೇ ದಾಂಡು. ಯಾವುದರಿಂದ ಹೊಡೆಯಲಿ ಎಂಬ ಚಿಂತೆಯೇ ಇರಲಿಲ್ಲ. ಗಾಲ್ಫ್ ಆಡುವವನ ಪಾಡು ಬೇರೆ. ಚೀಲದಲ್ಲಿ 14 ಕೋಲುಗಳನ್ನು ಇಟ್ಟುಕೊಳ್ಳಲು ನಿಯಮ ಅವನಿಗೆ ಅಪ್ಪಣೆ ಕೊಟ್ಟಿದೆ. ಯಾವುದನ್ನು ತೆಗೆಯಬೇಕೆಂಬ ಬುದ್ಧಿಯನ್ನು ಮಾತ್ರ ಕೊಟ್ಟಿಲ್ಲ.

ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬು ಹುಟ್ಟಿತು. ಆ ಊರಿನಲ್ಲಿ ನೆಲೆಸಿದ ಮೇಲೆ, ಆಡುವ ಮಿತ್ರರೊಬ್ಬರ ಹಿಂದೆ ಹುಲ್ಲುಹಾಸು ಸುತ್ತುವ ಚಟ ನನಗೂ ಹತ್ತಿತು. ಪ್ರತಿ ಗುಂಡಿಯ ಮೊದಲ ಹೊಡೆತಕ್ಕೆ ಚೆಂಡನ್ನು ಟೀ ಎಂಬ ಪುಟ್ಟ ಗೂಟದ ಮೇಲೆ ಕೂರಿಸುತ್ತಾರೆ. ಅಲ್ಲಿ ನಿಂತೊಡನೆ ಮಿತ್ರರ ಕೈ ತಾನಾಗಿಯೇ ಡ್ರೈವರ್ ಕಡೆಗೆ ಹೋಗುತ್ತದೆ. ಎಲ್ಲಕ್ಕಿಂತ ಉದ್ದದ ಕೋಲು, ಬೋರಲು ಹಾಕಿದ ಬಟ್ಟಲಿನಂಥ ದಪ್ಪ ತಲೆ. “ಸಾರ್, ಇಲ್ಲಿ ಜಾಗ ಕಿರಿದು. ಐದನೇ ನಂಬರು ಸಾಕು” ಎನ್ನುತ್ತಾನೆ ಚೀಲ ಹೊರುವ ಕ್ಯಾಡಿ. ಮಿತ್ರರು ಕೇಳುವುದಿಲ್ಲ. ಚೆಂಡು ಮರಗಳ ನಡುವೆ ಮಾಯವಾಗುತ್ತದೆ.

ಕ್ಯಾಡಿಯ ಮಾತಿಗೆ ಕಾರಣವುಂಟು. ಡ್ರೈವರಿನ ಮುಖ ಹಿಂದಕ್ಕೆ ಬಾಗಿರುವುದು ಹತ್ತು ಡಿಗ್ರಿಯ ಆಸುಪಾಸು. ಮುಖ ಹೀಗೆ ನೆಟ್ಟಗಿದ್ದಷ್ಟೂ ಹೊಡೆತದ ಸಣ್ಣ ಓರೆ ಚೆಂಡಿನ ಹಾದಿಯಲ್ಲಿ ದೊಡ್ಡ ಸೊಟ್ಟವಾಗುತ್ತದೆ. ಮುಖ ಹೆಚ್ಚು ಬಾಗಿದ ಗಿಡ್ಡ ಕೋಲು ದೂರವನ್ನು ಕಡಿಮೆ ಕೊಟ್ಟರೂ ತಪ್ಪನ್ನು ಹೆಚ್ಚು ಮನ್ನಿಸುತ್ತದೆ. ಬಯಲು ಅಗಲವಾಗಿದ್ದರೆ ಡ್ರೈವರಿಗೆ ಸಮನಿಲ್ಲ, ನಿಜ. ಆದರೆ ಕೇಳಬೇಕಾದದ್ದು ‘ಎಷ್ಟು ದೂರ ಹೋದೀತು’ ಎಂದಲ್ಲ, ‘ಎರಡನೆಯ ಹೊಡೆತವನ್ನು ಎಲ್ಲಿ ನಿಂತು ಹೊಡೆಯಲಿ’ ಎಂದು.

1999ರಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಓಪನ್ ಪಂದ್ಯದ ಕೊನೆಯ ಗುಂಡಿಗೆ ಬಂದಾಗ ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಮೂರು ಹೊಡೆತ ಮುಂದಿದ್ದ. ಆರು ಹೊಡೆತದಲ್ಲಿ ಮುಗಿಸಿದ್ದರೂ ಗೆಲುವು ಅವನದೇ. ಆದರೂ ಡ್ರೈವರನ್ನೇ ಎತ್ತಿದ. ಚೆಂಡು ಬಲಕ್ಕೆ ದೂರ ಹಾರಿತು, ಅದೃಷ್ಟಕ್ಕೆ ಕೆಡಲಿಲ್ಲ. ಆದರೆ ಆ ಹಟ ಮುಂದಿನ ಹೊಡೆತಕ್ಕೂ ಅಂಟಿತು. ಕಡೆಗೆ ಹಳ್ಳದ ನೀರಿಗೆ ಬಿದ್ದು, ಏಳರಲ್ಲಿ ಮುಗಿಸಿ, ಪ್ಲೇ-ಆಫ್‌ನಲ್ಲಿ ಸೋತ. 2006ರಲ್ಲಿ ಇಂಗ್ಲೆಂಡಿನ ಹೊಯ್ಲೇಕಿನಲ್ಲಿ ಅದೇ ಓಪನ್ನನ್ನು ಗೆದ್ದ ಟೈಗರ್ ವುಡ್ಸ್ 72 ಗುಂಡಿಗಳಲ್ಲಿ ಡ್ರೈವರ್ ಹಿಡಿದದ್ದು ಒಂದೇ ಸಲ. ಒಣಗಿ ಗಟ್ಟಿಯಾದ ನೆಲದ ಮೇಲೆ ಚೆಂಡು ತಾನೇ ಉರುಳುತ್ತಿತ್ತು. ಮರಳುಗುಂಡಿಗಳನ್ನು ತಪ್ಪಿಸುವುದೇ ಅವನ ಲೆಕ್ಕ.

ಬಲವಿದ್ದೂ ಬಳಸದಿರುವುದು ಸುಲಭವಲ್ಲ. ನಾಲ್ಕು ಜನ ನೋಡುತ್ತಿರುವಾಗ ಚಿಕ್ಕ ಕೋಲು ಎತ್ತಿಕೊಳ್ಳಲು ಎದೆಗಾರಿಕೆ ಬೇಕು. ನನ್ನ ಬಂಧುಗಳೊಬ್ಬರು ನಾಲ್ಕು ಜನ ಮೆಚ್ಚಲೆಂದೇ ಹೊಳೆದಂಡೆಯ ಎರಡೆಕರೆ ಮಾರಿ ಹಿರಿಮಗಳ ಮದುವೆ ಮಾಡಿದರು. ಊರೆಲ್ಲ ಹೊಗಳಿತು. ಕಿರಿಮಗಳ ಓದಿಗೆ ದುಡ್ಡು ಬೇಕಾದಾಗ ಮಾರಲು ನೆಲವಿರಲಿಲ್ಲ; ಹುಡುಗಿ ಓದು ಬಿಟ್ಟಳು. ಮೊದಲ ಹೊಡೆತವೇನೋ ಬಲು ದೂರ ಹೋಗಿತ್ತು.

ತುಂಬಿದ ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಅಂಬಿಗನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಅವನು ಎದುರು ದಡಕ್ಕೆ ನೇರವಾಗಿ ಹುಟ್ಟು ಹಾಕುವುದಿಲ್ಲ. ಮೊದಲು ದಂಡೆಗುಂಟ ಸಾಕಷ್ಟು ಮೇಲಕ್ಕೆ ಎಳೆದೊಯ್ದು, ಆಮೇಲೆ ಹೊಳೆಗೆ ಬಿಡುತ್ತಾನೆ. ಅವನ ಕಣ್ಣೆಲ್ಲ ಇಳಿಯುವ ಜಾಗದ ಮೇಲೆ.