ನೈರೋಬಿಯ ಬೀದಿಗಳಲ್ಲಿ

ಆಫ್ರಿಕವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ನಿಲ್ಲುವುದು ಸುಡುವ ಬಿಸಿಲು, ಸಿಂಹ, ಜಿರಾಫೆ, ಕೊನೆಗಾಣದ ಬಯಲು. ಕೆನ್ಯ ದೇಶದ ರಾಜಧಾನಿಯಾದ ನೈರೋಬಿಯಲ್ಲಿ ಜುಲೈ ತಿಂಗಳ ಮುಂಜಾವಿನಲ್ಲಿ ಹೋಗಿಳಿದವನನ್ನು ಮೊದಲು ಎದುರುಗೊಳ್ಳುವುದು ಚಳಿ. ಭೂಮಧ್ಯರೇಖೆಯಿಂದ ಒಂದು ಡಿಗ್ರಿಗಿಂತ ತುಸು ಹೆಚ್ಚು ದಕ್ಷಿಣಕ್ಕಿದ್ದರೂ ಈ ನಗರ ಸಮುದ್ರಮಟ್ಟದಿಂದ ಸುಮಾರು 1,800 ಮೀಟರುಗಳ ಎತ್ತರದಲ್ಲಿದೆ. ಎಂದರೆ ನಮ್ಮ ಬೆಂಗಳೂರಿನ ಎತ್ತರಕ್ಕೆ ಹೆಚ್ಚುಕಡಿಮೆ ಎರಡರಷ್ಟು. ಊರಿನ ಹೆಸರು ಬಂದುದು ಮಾಸಾಯಿ ಜನರ ‘ತಣ್ಣೀರು’ ಎಂಬ ಮಾತಿನಿಂದ. ಸಿಂಹಗಳೂ ಇಲ್ಲಿ ಇಲ್ಲದಿಲ್ಲ. 1946ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವನ ನಗರದ ಅಂಚಿನಲ್ಲಿಯೇ ಇದೆ. ಆದರೆ ನಗರದ ಬಾಳನ್ನು ಕಾಣಬಯಸುವವನು ವನಕ್ಕಿಂತ ಮೊದಲು ಬೀದಿಗೆ ಹೋಗಬೇಕು.

ಬೆಳಕು ಹರಿಯುವ ಮೊದಲೇ ರಸ್ತೆಗಳ ಇಕ್ಕೆಲಗಳಲ್ಲಿ ಜನ ಸಾಲುಗಟ್ಟಿ ನಡೆಯುತ್ತಾರೆ. ಪೂರ್ವದ ಬಡಾವಣೆಗಳಿಂದಲೂ ಕಿಬೇರದ ತಗಡಿನ ಮನೆಗಳಿಂದಲೂ ಹೊರಟು ಕಾರ್ಖಾನೆಗಳಿಗೆ, ಕಚೇರಿಗಳಿಗೆ, ಉಳ್ಳವರ ಮನೆಗಳ ಊಳಿಗಕ್ಕೆ ಹೋಗುವವರು ಇವರು. ವಾಹನದ ಖರ್ಚನ್ನು ಉಳಿಸುವುದಕ್ಕಾಗಿ ಮೈಲಿಗಟ್ಟಲೆ ನಡೆದರೂ ಅವರ ಉಡುಪಿನಲ್ಲಿ ಅಲಕ್ಷ್ಯದ ಗುರುತಿಲ್ಲ. ನೆಲ ಕೆಂಪು ಮಣ್ಣಿನದು, ಮಳೆ ಬಂದರೆ ಕೆಸರು. ಹೀಗಿದ್ದೂ ನಗರದ ನಡುವೆ ತಲುಪುವ ಹೊತ್ತಿಗೆ ಬೂಟುಗಳು ಥಳಥಳಿಸಬೇಕು. ಬೀದಿಯ ಮೂಲೆಗಳಲ್ಲಿ ಪಾಲಿಶು ಹಾಕುವವರ ಮುಂದೆ ಗುಮಾಸ್ತರು ಗಂಭೀರವಾಗಿ ಪತ್ರಿಕೆ ಓದುತ್ತ ಕುಳಿತಿರುವ ನೋಟ ಮರೆಯುವಂಥದಲ್ಲ.

ಇಷ್ಟು ನಡೆಯಲಾರದವರಿಗೆ ‘ಮತಾತು’ ಇದೆ. ಸ್ವಾಹಿಲಿಯಲ್ಲಿ ‘ತಾತು’ ಎಂದರೆ ಮೂರು; ಹಿಂದೆ ಹತ್ತು ಸೆಂಟಿನ ಮೂರು ನಾಣ್ಯಗಳನ್ನು ಕೊಟ್ಟು ಪ್ರಯಾಣ ಮಾಡುತ್ತಿದ್ದುದರಿಂದ ಈ ಹೆಸರೆಂದು ಹೇಳುತ್ತಾರೆ. ಮೈತುಂಬ ಕಾಲ್ಚೆಂಡಿನಾಟಗಾರರ, ಗಾಯಕರ ಚಿತ್ರಗಳನ್ನು ಬರೆಸಿಕೊಂಡು, ಎದೆ ನಡುಗಿಸುವ ಸಂಗೀತವನ್ನು ಮೊಳಗಿಸುತ್ತ ಓಡುವ ಈ ಬಂಡಿಗಳ ಬಾಗಿಲಲ್ಲಿ ಕಂಡಕ್ಟರು ಜೋತುಬಿದ್ದಿರುತ್ತಾನೆ. ಮಳೆ ಹನಿಯಿತೆಂದರೆ ದರ ಏರುತ್ತದೆ. ಪ್ರಯಾಣಿಕರು ಗೊಣಗುತ್ತಾರೆ, ಕೊಡುತ್ತಾರೆ, ಹಿಂದಿನ ಸಾಲಿನವರ ಹಣವನ್ನು ಕೈಯಿಂದ ಕೈಗೆ ದಾಟಿಸಿ ಮುಟ್ಟಿಸುತ್ತಾರೆ.

ಹೊತ್ತನ್ನು ಕೇಳಿದ ಹೊಸಬನಿಗೆ ಇಲ್ಲಿ ಒಂದು ಸೋಜಿಗ ಕಾದಿರುತ್ತದೆ. ಸ್ವಾಹಿಲಿಯ ಗಂಟೆಗಳ ಎಣಿಕೆ ಸೂರ್ಯೋದಯದಿಂದ ಮೊದಲಾಗುತ್ತದೆ. ಬೆಳಗಿನ ಏಳು ‘ಸಾ ಮೋಜ’, ಎಂದರೆ ಒಂದು ಗಂಟೆ. ನಡುಹಗಲು ‘ಸಾ ಸೀತ’, ಆರು ಗಂಟೆ. ವರ್ಷವೆಲ್ಲ ಹಗಲಿರುಳುಗಳು ಹೆಚ್ಚುಕಡಿಮೆ ಸಮನಾಗಿರುವ ನಾಡಿನಲ್ಲಿ ಇದಕ್ಕಿಂತ ಸಹಜವಾದ ಲೆಕ್ಕ ಇನ್ನಾವುದು? ಉದಯಾದಿ ಘಳಿಗೆಗಳನ್ನು ಎಣಿಸುವ ನಮ್ಮ ಪಂಚಾಂಗವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಊಟದ ಎಲೆಯ ಮುಂದೆ ಈ ಪರಿಚಯ ಇನ್ನೂ ಗಾಢವಾಗುತ್ತದೆ. ಬೀದಿಯ ತಗಡಿನ ಹೋಟೆಲಿನಲ್ಲಿ ಜೋಳದ ಹಿಟ್ಟಿನ ‘ಉಗಾಲಿ’ಯನ್ನು ತಂದಿಡುತ್ತಾರೆ. ಇದು ನಮ್ಮ ಉತ್ತರದ ಬಿಳಿಜೋಳವಲ್ಲ, ಬಿಳಿಯ ಮುಸುಕಿನ ಜೋಳ. ಬಲಗೈಯಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಕುಳಿಯೊತ್ತಿ, ‘ಸುಕುಮ ವಿಕಿ’ ಎಂಬ ಸೊಪ್ಪಿನ ಪಲ್ಯದೊಡನೆ ಉಣ್ಣಬೇಕು. ‘ವಾರವನ್ನು ತಳ್ಳು’ ಎಂಬುದು ಆ ಹೆಸರಿನ ಅರ್ಥ. ಮಾಂಸಕ್ಕೆ ಹಣ ಸಾಲದ ಮನೆಗಳಲ್ಲಿ ವಾರ ಸಾಗಿಸುವುದು ಈ ಸೊಪ್ಪೇ. ಬೆಳಗಿನ ಹೊತ್ತು ಮಕ್ಕಳಿಗೆ ಕುಡಿಸುವ ‘ಊಜಿ’ ಎಂಬ ಗಂಜಿಗೆ ಬಳಸುವ ‘ವಿಂಬಿ’ ಧಾನ್ಯವನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಅದು ನಮ್ಮ ರಾಗಿ! ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ; ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಭರತಖಂಡಕ್ಕೆ ಬಂದಿತೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಕನ್ನಡ ನಾಡಿನ ಬಡವನ ಬಲವಾದ ಮುದ್ದೆ ಈ ಮಣ್ಣಿನ ಋಣ.

ನಾವೂ ಬರಿಗೈಯಲ್ಲಿ ಬಂದವರಲ್ಲ. ಬೀದಿಯ ಮಾತಿಗೆ ಕಿವಿಗೊಟ್ಟರೆ ಇದು ತಿಳಿಯುತ್ತದೆ. ಅಂಗಡಿಗೆ ‘ದುಕ’, ವಾಹನಕ್ಕೆ ‘ಗಾರಿ’, ಗೋಣಿಚೀಲಕ್ಕೆ ‘ಗುನಿಯ’, ಲಕ್ಷಕ್ಕೆ ‘ಲಕಿ’, ಹಣಕ್ಕೆ ‘ಪೆಸ’. ಚಹವೂ ಚಪಾತಿಯೂ ಹೆಸರನ್ನೇ ಬದಲಿಸಿಕೊಂಡಿಲ್ಲ. ಹಬ್ಬದೂಟಕ್ಕೆ ಇಲ್ಲಿಯವರ ಮನೆಯಲ್ಲಿ ಚಪಾತಿ ಬೇಕೇ ಬೇಕು. 1920ರವರೆಗೆ ಈ ನಾಡಿನಲ್ಲಿ ಚಲಾವಣೆಯಲ್ಲಿದ್ದ ನಾಣ್ಯವೂ ರೂಪಾಯಿಯೇ. ಷಿಲಿಂಗು ಬಂದುದು ಆಮೇಲೆ. 2007ರಲ್ಲಿ ಆರಂಭವಾದ, ಮೊಬೈಲು ಫೋನಿನಿಂದ ಹಣ ಕಳಿಸುವ ಏರ್ಪಾಡಿಗೂ ಇಟ್ಟ ಹೆಸರು ‘ಎಂ-ಪೆಸ’. ಬ್ಯಾಂಕಿನ ಮೆಟ್ಟಿಲು ಹತ್ತದ ಸೊಪ್ಪು ಮಾರುವ ಮುದುಕಿಯೂ ಹಳ್ಳಿಯಲ್ಲಿರುವ ಮೊಮ್ಮಗನ ಶಾಲೆಯ ಫೀಜನ್ನು ಕುಳಿತಲ್ಲಿಂದಲೇ ಅದರಲ್ಲಿ ಕಳಿಸುತ್ತಾಳೆ.

ಈ ಮಾತುಗಳು ಇಲ್ಲಿ ನೆಲೆಯೂರಿದ್ದು ಸುಲಭದ ಬೆಲೆಗಲ್ಲ. 1896ರಲ್ಲಿ ಬ್ರಿಟಿಷರು ಮೊಂಬಾಸ ಬಂದರಿನಿಂದ ವಿಕ್ಟೋರಿಯ ಸರೋವರದತ್ತ ರೈಲುಹಾದಿಯನ್ನು ಹಾಕತೊಡಗಿದರು. ಅದಕ್ಕಾಗಿ ನಮ್ಮ ದೇಶದಿಂದ, ಹೆಚ್ಚಾಗಿ ಪಂಜಾಬಿನಿಂದ, ಕರೆತಂದ ಕೂಲಿಗಳು ಸುಮಾರು 32,000 ಮಂದಿ. ಜ್ವರಕ್ಕೂ ಅಪಘಾತಕ್ಕೂ ತ್ಸಾವೊ ಬಯಲಿನ ಸಿಂಹಗಳಿಗೂ ಬಲಿಯಾದವರು ಸುಮಾರು 2,500. ಹಳಿ 1899ರಲ್ಲಿ ಈ ಜೌಗು ನೆಲವನ್ನು ಮುಟ್ಟಿದಾಗ ಎದ್ದ ಬಿಡಾರವೇ ಇಂದಿನ ನೈರೋಬಿ.

ಆದರೆ ಪ್ರವಾಸಿಯ ಹೆಮ್ಮೆ ಇಲ್ಲಿಯೇ ನಿಲ್ಲಬಾರದು. ವಸಾಹತು ಆಳ್ವಿಕೆಯಲ್ಲಿ ನಗರ ಮೂರಾಗಿ ಹರಿದಿತ್ತು: ಪಶ್ಚಿಮದ ತಂಪಾದ ದಿಬ್ಬಗಳು ಬಿಳಿಯರಿಗೆ, ಪಾರ್ಕ್‌ಲ್ಯಾಂಡ್ಸ್, ನ್ಗಾರ ಮೊದಲಾದ ನಡುವಣ ಕೇರಿಗಳು ನಮ್ಮವರಿಗೆ, ಪೂರ್ವದ ಇಕ್ಕಟ್ಟಿನ ಸಾಲುಮನೆಗಳು ಆಫ್ರಿಕನ್ನರಿಗೆ. ನಡುವಣ ಮೆಟ್ಟಿಲಿನಲ್ಲಿ ನಿಂತವನು ಮೇಲಿನವನಿಂದ ಅವಮಾನ ಉಂಡ. ಕೆಳಗಿನವನೊಡನೆ ಲೇವಾದೇವಿಯನ್ನಷ್ಟೇ ಇಟ್ಟುಕೊಂಡ. ಚಪಾತಿ ಆಫ್ರಿಕನ್ನನ ಅಡುಗೆಮನೆಯನ್ನು ಹೊಕ್ಕಿತು. ಅದನ್ನು ತಂದವನು ಬಹುಮಟ್ಟಿಗೆ ಅಂಗಡಿಯ ಕಟ್ಟೆಯಿಂದ ಈಚೆಗೆ ಇಳಿಯಲಿಲ್ಲ. 1963ರ ಡಿಸೆಂಬರ್ 12ರಂದು ದೇಶ ಸ್ವತಂತ್ರವಾಯಿತು. ಕೇರಿಗಳ ಗೆರೆಗಳನ್ನು ಕಾನೂನು ಅಳಿಸಿದರೂ ಹಣವೆಂಬ ಬೇಲಿ ಇಂದಿಗೂ ಅವನ್ನು ತಕ್ಕಮಟ್ಟಿಗೆ ಕಾಯುತ್ತಿದೆ. ಬೆಳಗಿನ ಆ ಕಾಲ್ನಡಿಗೆಯ ಸಾಲು ಪೂರ್ವದಿಂದ ಹೊರಡುವುದೇಕೆಂಬುದು ಆಗ ಅರ್ಥವಾಗುತ್ತದೆ.

ಕಟ್ಟೆಯಿಂದ ಇಳಿದು ಬಂದವರೂ ಇದ್ದರು. ಕಾರ್ಮಿಕರ ಸಂಘ ಕಟ್ಟಿದ ಮಖನ್ ಸಿಂಗ್ ಅವರು 1950ರಲ್ಲಿ ಪೂರ್ವ ಆಫ್ರಿಕಕ್ಕೆ ಪೂರ್ಣ ಸ್ವಾತಂತ್ರ್ಯ ಬೇಕೆಂದು ಬಹಿರಂಗವಾಗಿ ಕೇಳಿ, 1961ರವರೆಗೆ ಬಂಧನದಲ್ಲಿ ಕಳೆದರು. ಇನ್ನೊಬ್ಬರು ಪಿಯೊ ಗಾಮ ಪಿಂಟೊ. ನೈರೋಬಿಯಲ್ಲಿ ಹುಟ್ಟಿದ ಈ ಗೋವೆಯ ಮನೆತನದ ತರುಣ ಓದಿದ್ದು ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ! ಮರಳಿ ಹೋಗಿ ಆಫ್ರಿಕನ್ನರ ಹೋರಾಟವನ್ನು ತನ್ನದೆಂದು ಬಗೆದು, ವರ್ಷಗಟ್ಟಲೆ ಸೆರೆ ಕಂಡು, ಸ್ವತಂತ್ರ ಕೆನ್ಯದ ಶಾಸನಸಭೆಯನ್ನು ಸೇರಿದ ಆತನನ್ನು 1965ರ ಫೆಬ್ರವರಿ 24ರಂದು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಆಗ ಆತನಿಗೆ ನಲವತ್ತೂ ತುಂಬಿರಲಿಲ್ಲ. ಕನ್ನಡಿಗರು ನೆನೆಯಬೇಕಾದ ಹೆಸರಿದು. 2017ರಲ್ಲಿ ಕೆನ್ಯ ಸರಕಾರ ಏಷ್ಯ ಮೂಲದವರನ್ನು ದೇಶದ 44ನೆಯ ಬುಡಕಟ್ಟೆಂದು ಮನ್ನಿಸಿದಾಗ, ಆ ಮನ್ನಣೆಯ ಹಿಂದೆ ರೈಲುಹಾದಿಯ ಕೂಲಿಗಳೊಡನೆ ಇಂಥವರೂ ನಿಂತಿದ್ದರೆಂದು ಭಾವಿಸಿದರೆ ತಪ್ಪಾಗಲಾರದು.

ನಗರದ ನಟ್ಟನಡುವೆ ಜೀವನ್‌ಜಿ ಉದ್ಯಾನವಿದೆ. ಕರಾಚಿಯಿಂದ ಬಂದು ವ್ಯಾಪಾರದಲ್ಲಿ ಏಳಿಗೆ ಪಡೆದ ಅಲಿಭಾಯಿ ಮುಲ್ಲಾ ಜೀವನ್‌ಜಿ ಅವರು 1906ರಲ್ಲಿ ಇದನ್ನು ಸಾರ್ವಜನಿಕರಿಗೆ ಕೊಟ್ಟರು. 1991ರಲ್ಲಿ ಇಲ್ಲಿ ಮೋಟಾರು ನಿಲ್ಲಿಸುವ ಕಟ್ಟಡವನ್ನು ಎಬ್ಬಿಸುವ ಯೋಚನೆ ತಲೆಯೆತ್ತಿದಾಗ ದಾನಿಯ ವಂಶದವರೂ, ಮುಂದೆ 2004ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ ವಂಗಾರಿ ಮಾತಾಯ್ ಅವರೂ ವಿರೋಧಿಸಿ ಉಳಿಸಿಕೊಂಡರು. ಮಧ್ಯಾಹ್ನದ ಹೊತ್ತು ಅಲ್ಲಿ ಹೋಗಿ ನೋಡಬೇಕು. ಒಂದು ಮೂಲೆಯಲ್ಲಿ ಬೋಧಕನ ಗರ್ಜನೆ, ಇನ್ನೊಂದರಲ್ಲಿ ರಾಜಕೀಯದ ಬಿಸಿ ವಾದ. ಬೆಳಗಿನಿಂದ ಕೆಲಸ ಹುಡುಕಿ ದಣಿದವರು ಹುಲ್ಲಿನ ಮೇಲೆ ಬೂಟು ಕಳಚಿ ಮಲಗಿರುತ್ತಾರೆ. ಹೊಸಬ ಬಂದರೆ ಬೆಂಚಿನ ಮೇಲಿದ್ದವರು ಸರಿದು ಜಾಗ ಮಾಡಿ ‘ಕರಿಬು’ ಎನ್ನುತ್ತಾರೆ. ಬನ್ನಿ, ಎಂದು ಅದರ ಅರ್ಥ.